ಉತ್ತರ ಇಂಗ್ಲೆಂಡಿನ ಗುಡ್ಡಗಳಲ್ಲಿ ಸ್ಟೀಮ್ ಎಂಜಿನ್ ನಿಲ್ಲಿಸಿದ್ದು ಬೀಚಿಂಗ್ ಅಲ್ಲ

ಓದುಗರ ಪ್ರಶ್ನೆ: "ಸರ್, ಲೀಡ್ಸಲ್ಲಿರೋ ಮಗಳ ಮನೆಗೆ ಹೋದಾಗ ಸೆಟ್ಲ್-ಕಾರ್ಲೈಲ್ ಲೈನ್ ನೋಡ್ಕೊಂಡು ಬಂದ್ವಿ. ಆ ಕಡೆ ಸ್ಟೀಮ್ ರೈಲು ನಿಲ್ಲಿಸಿದ್ದು ಡಾಕ್ಟರ್ ಬೀಚಿಂಗ್ ಅಂತಾರಲ್ಲ, ಯಾಕೆ ನಿಲ್ಲಿಸಿದ್ರು?"

ಅವರು ನಿಲ್ಲಿಸ್ಲಿಲ್ಲ. ಇದನ್ನ ಎಷ್ಟು ಸಲ ಬರೆದ್ರೂ ಮತ್ತೆ ಅದೇ ಪ್ರಶ್ನೆ ಬರುತ್ತೆ, ಅದಕ್ಕೆ ಈ ಸಲ ದಯವಿಟ್ಟು ಇಸವಿಗಳನ್ನ ಗಮನ ಇಟ್ಟು ಓದಿ.

ಸ್ಟೀಮ್ ಬಿಟ್ಟು ಡೀಸೆಲ್, ಕರೆಂಟಿಗೆ ಹೋಗ್ಬೇಕು ಅಂತ ಬ್ರಿಟಿಷ್ ರೈಲ್ವೇಸ್ ತೀರ್ಮಾನ ಮಾಡಿದ್ದು 1955ರ ಆಧುನೀಕರಣ ಯೋಜನೆಯಲ್ಲಿ. ಅವರ ಕೊನೇ ಸ್ಟೀಮ್ ಎಂಜಿನ್ 'ಈವ್ನಿಂಗ್ ಸ್ಟಾರ್' ಸ್ವಿಂಡನ್ ವರ್ಕ್‌ಶಾಪಿಂದ ಹೊರಗೆ ಬಂದಿದ್ದು 1960ರಲ್ಲಿ. ಬೀಚಿಂಗ್ ರೈಲ್ವೆಯ ಅಧ್ಯಕ್ಷರಾಗಿದ್ದು 1961ರಲ್ಲಿ, ನಷ್ಟದ ಲೈನುಗಳನ್ನ ಮುಚ್ಚಿ ಅಂದ ಅವರ ಪ್ರಸಿದ್ಧ ವರದಿ ಬಂದಿದ್ದು 1963ರ ಮಾರ್ಚಲ್ಲಿ, 1965ಕ್ಕೆ ಅವರು ಹೊರಟೇ ಹೋದ್ರು. ಬ್ರಿಟಿಷ್ ರೈಲ್ವೇಸ್ ಮೈನ್ ಲೈನಲ್ಲಿ ತನ್ನ ಕೊನೇ ಸ್ಟೀಮ್ ರೈಲು ಓಡಿಸಿದ್ದು 1968ರ ಆಗಸ್ಟ್ 11ಕ್ಕೆ. ಶುರುವಾದಾಗ್ಲೂ ಅವರಿಲ್ಲ, ಮುಗಿದಾಗ್ಲೂ ಅವರಿಲ್ಲ!

ಲೈನ್ ಮುಚ್ಚೋದು ಬೇರೆ, ಆ ಲೈನ್ ಮೇಲೆ ಓಡೋ ಎಂಜಿನ್ ಬದಲಾಯಿಸೋದು ಬೇರೆ, ಜನ ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟಿದಾರೆ. ಸ್ಟೇನ್‌ಮೋರ್ ಲೈನನ್ನೇ ತಗೊಳ್ಳಿ, ಪೆನೈನ್ ಗುಡ್ಡಗಳ ಮೇಲೆ 1370 ಅಡಿ ಎತ್ತರಕ್ಕೆ ಹತ್ತಿ ಡರ್ಹಮ್ ಕಡೆಯಿಂದ ಪಶ್ಚಿಮದ ಕಬ್ಬಿಣದ ಕುಲುಮೆಗಳಿಗೆ ಕೋಕ್ (ಕಲ್ಲಿದ್ದಲಿನಿಂದ ಮಾಡೋ ಇಂಧನ) ಸಾಗಿಸ್ತಿದ್ದ ಲೈನ್ ಅದು, ಪ್ಯಾಸೆಂಜರ್ ಗಾಡಿಗಳಿಗೆ 1958ರಲ್ಲೇ ಡೀಸೆಲ್ ಬಂತು, ಆದ್ರೂ 1962ರ ಜನವರಿಯಲ್ಲಿ ಮುಚ್ಚಿದ್ರು, ಅಂದ್ರೆ ಬೀಚಿಂಗ್ ವರದಿಗಿಂತ ಒಂದು ವರ್ಷ ಮೊದಲೇ. ಸೆಟ್ಲ್-ಕಾರ್ಲೈಲ್ ಕಥೆ ಪೂರ್ತಿ ಉಲ್ಟಾ. ಬೀಚಿಂಗ್ ವರದಿಯಲ್ಲಿ ಅಲ್ಲಿನ ಪ್ಯಾಸೆಂಜರ್ ರೈಲುಗಳನ್ನ ನಿಲ್ಲಿಸ್ಬೇಕು ಅಂತಿತ್ತು, ಸ್ಟೀಮೂ ಹೋಯ್ತು, ಆದ್ರೆ ಲೈನ್ ಉಳೀತು, ಜನ ವರ್ಷಗಟ್ಟಲೆ ಹೋರಾಡಿದ್ಮೇಲೆ 1989ರಲ್ಲಿ ಮುಚ್ಚಲ್ಲ ಅಂತ ಸರ್ಕಾರವೇ ಹೇಳ್ತು, ನೀವು ಮೊನ್ನೆ ಹೋಗಿ ಬಂದಿದ್ದು ಅದ್ರಲ್ಲೇ.

ಹಾಗಾದ್ರೆ ಸ್ಟೀಮ್ ಯಾಕೆ ಹೋಯ್ತು? ಒಂದು ದೊಡ್ಡ ಕಾರಣ, ಕೆಲಸಕ್ಕೆ ಜನ ಸಿಗ್ತಿರ್ಲಿಲ್ಲ. ರೈಲು ಹೊರಡೋಕೆ ಎಷ್ಟೋ ಗಂಟೆ ಮುಂಚೆ ಯಾರೋ ಬಂದು ಬೆಂಕಿ ಹಾಕ್ಬೇಕು, ವಾಪಸ್ ಬಂದ್ಮೇಲೆ ಇನ್ಯಾರೋ ಬೂದಿ ತೆಗೀಬೇಕು, ಎಂಜಿನ್ ಮುಂದಿನ ಹೊಗೆ ಪೆಟ್ಟಿಗೆ ಕ್ಲೀನ್ ಮಾಡ್ಬೇಕು, ಯುದ್ಧ ಮುಗಿದ್ಮೇಲೆ ಫ್ಯಾಕ್ಟರಿಗಳಲ್ಲಿ ಒಳ್ಳೆ ಸಂಬಳದ ಕೆಲಸ ಸಿಗ್ತಿರುವಾಗ ಆ ಮಸಿಯಲ್ಲಿ ರಾತ್ರಿ ಪಾಳಿ ಮಾಡೋಕೆ ಹುಡುಗರು ಒಪ್ತಿರ್ಲಿಲ್ಲ. ಶ್ಯಾಪ್ ಅನ್ನೋ ಗುಡ್ಡದ ಏರಿನ ಬುಡದಲ್ಲಿದ್ದ ಟೀಬೇ ಎಂಜಿನ್ ಶೆಡ್ಡಿನವರಂತೂ ಕೊನೇವರೆಗೂ ದುಡಿದ್ರು. ಶ್ಯಾಪ್ ಏರಿನಲ್ಲಿ 75 ಅಡಿಗೆ ಒಂದಡಿ ಏರು, ಅದೂ ಸುಮಾರು ನಾಲ್ಕು ಮೈಲಿ, ಭಾರದ ಗೂಡ್ಸ್ ಬಂದ್ರೆ ಹಿಂದಿನಿಂದ ಇನ್ನೊಂದು ಎಂಜಿನ್ ತಳ್ತಾ ಹೋಗಿ ನೆತ್ತಿ ಮುಟ್ಟಿಸಿ ಒಂಟಿಯಾಗಿ ವಾಪಸ್ ಇಳೀತಿತ್ತು. 1967 ಮುಗಿಯೋ ಹೊತ್ತಿಗೆ ಸ್ಟೀಮ್ ಎಂಜಿನ್‌ಗಳ ಆ ಕೆಲಸವೂ ನಿಂತು ಶೆಡ್ಡೂ ಮುಚ್ತು. ಆ ಜನರ ದುಡಿಮೆ ಬಗ್ಗೆ ಯಾರೂ ಕೇಳಲ್ಲ, ಎಲ್ಲರಿಗೂ ಬೀಚಿಂಗೇ ಬೇಕು.

ಇದನ್ನ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ನನಗೆ ತುಂಬಾ ಇಷ್ಟವಾದ ವಿಷಯ. ಸೆಟ್ಲ್-ಕಾರ್ಲೈಲ್ ಲೈನಲ್ಲಿ ಗಾರ್ಸ್‌ಡೇಲ್ ಹತ್ರ ಹಳಿಗಳ ಮಧ್ಯೆ ಉದ್ದಕ್ಕೆ ನೀರಿನ ತೊಟ್ಟಿ ಇತ್ತು. ಎಂಜಿನ್ ಓಡ್ತಿರುವಾಗಲೇ ಫೈರ್‌ಮನ್ (ಎಂಜಿನ್ನಿಗೆ ಕಲ್ಲಿದ್ದಲು ಹಾಕೋನು) ಕೆಳಗಿನ ಸೌಟನ್ನ ಇಳಿಸಿದ್ರೆ ವೇಗಕ್ಕೆ ನೀರು ತಾನೇ ಮೇಲೇರಿ ಟ್ಯಾಂಕ್ ತುಂಬೋದು, ಗಾಡಿ ನಿಲ್ಲಿಸೋದೇ ಬೇಡ. ಆ ಎತ್ತರದಲ್ಲಿ ಚಳಿಗೆ ನೀರು ಹೆಪ್ಪುಗಟ್ಟದ ಹಾಗೆ ತೊಟ್ಟಿಗೆ ಉಗಿ ಹಾಯಿಸಿ ಬಿಸಿ ಇಡ್ತಿದ್ರು. ಸ್ಟೀಮ್ ಎಂಜಿನ್ ಹೋದ ಮೇಲೂ ಪ್ಯಾಸೆಂಜರ್ ಬೋಗಿ ಬೆಚ್ಚಗಿಡೋಕೆ ಉಗಿಯೇ ಬೇಕಿತ್ತು, ಅದಕ್ಕೆ ಎಷ್ಟೋ ಡೀಸೆಲ್ ಎಂಜಿನ್‌ಗಳ ಒಳಗೇ ಒಂದು ಬಾಯ್ಲರ್ ಇಟ್ಟಿದ್ರು, ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಟೈಪ್ 4 ಡೀಸೆಲ್‌ಗಳಿಗಂತೂ ಇಂಥ ತೊಟ್ಟಿಗಳಿಂದ ನೀರು ಎತ್ಕೊಳ್ಳೋಕೆ ಸೌಟನ್ನೂ ಕೂರಿಸಿದ್ರು.