ಸೈಕಲ್ ಬಟ್ಟೆಗೆ ಒಗೆಯುವ ಕಲ್ಲು ಬೇಡ

ಸೈಕಲ್ ಶಾರ್ಟ್ಸನ್ನು ಎರಡೂ ಕೈಯಿಂದ ಅಡ್ಡಕ್ಕೆ ಎಳೆದು ಬೆಳಕಿಗೆ ಹಿಡಿದರೆ ಅದು ಹೇಗೆ ಹಾಳಾಯಿತೆಂದು ಹೆಚ್ಚುಕಡಿಮೆ ಹೇಳಬಹುದು. ಸೀಟು ತಾಗುವ ಕಡೆ ಮಾತ್ರ ತೆಳ್ಳಗಾಗಿದ್ದರೆ ಅದು ಸವಾರಿಯ ಸವೆತ. ಮೇಲೆಲ್ಲ ಸಣ್ಣ ಸಣ್ಣ ಗುಂಜು ಎದ್ದಿದ್ದರೆ ಗ್ಲೌಸಿನ ವೆಲ್ಕ್ರೋ ಜೊತೆ ಮಷಿನ್ನಿನಲ್ಲಿ ಸುತ್ತಿದೆ. ಬಟ್ಟೆ ಒಂದೇ ಸಮ ಸಡಿಲಾಗಿ, ಎಳೆದಾಗ ಕೂದಲಿನಂಥ ಬಿಳಿ ಎಳೆಗಳು ಹೊರಗೆ ಇಣುಕಿದರೆ ಅದು ಬಚ್ಚಲಲ್ಲೋ ಮಾಳಿಗೆಯ ಹಗ್ಗದ ಮೇಲೋ ಸತ್ತದ್ದು. ಹುಬ್ಬಳ್ಳಿಯಲ್ಲಿ ಲಾಂಡ್ರಿಯನ್ನೂ ಹೊಲಿಗೆ ರಿಪೇರಿಯನ್ನೂ ಒಟ್ಟಿಗೆ ನಡೆಸುವ ನನ್ನ ಮೇಜಿಗೆ ಬರುವುದರಲ್ಲಿ ಈ ಮೂರನೆಯ ಜಾತಿಯೇ ಹೆಚ್ಚು. "ಸರ, ಹ್ವಾದ ವರ್ಷ ತಗೊಂಡಿದ್ದು, ಆಗಲೇ ಲೂಸ್ ಆಗೇತಿ ನೋಡ್ರಿ, ಮಾಲೇ ಸುಮಾರ ಐತಿ" ಅನ್ನುತ್ತಾರೆ. ಮಾಲು ಸುಮಾರಿದ್ದರೂ ಇರಬಹುದು. ಒಗೆದದ್ದು ಹೇಗೆ ಎಂದು ನಾನು ಮೊದಲು ಕೇಳುತ್ತೇನೆ.

ನಮ್ಮದು ಹತ್ತಿಯ ಸೀಮೆ. ವರಲಕ್ಷ್ಮಿ, ಡಿಸಿಎಚ್-32 ತಳಿಗಳು ಬಂದದ್ದು ಧಾರವಾಡದಿಂದ. ರಾಷ್ಟ್ರಧ್ವಜದ ಖಾದಿ ಧ್ವಜವಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ. ನಮ್ಮ ಮನೆಗಳ ಒಗ್ಯಾಣವೂ ಹತ್ತಿಗೆ ಒಗ್ಗಿದ್ದೇ: ಬಿಸಿನೀರು, ಸೋಡಾ, ಕಲ್ಲಿನ ಮೇಲೆ ನಾಲ್ಕು ಬಡಿತ, ತಿರುಚಿ ಹಿಂಡಿ, ಸುಡುಬಿಸಿಲಿಗೆ ಹಾಕಿ, ಕೊನೆಗೆ ಇಸ್ತ್ರಿ. ಹತ್ತಿ ಇಷ್ಟನ್ನೂ ತಾಳುತ್ತದೆ, ಏಕೆಂದರೆ ಹತ್ತಿಯ ಎಳೆ ಒಣಗಿದ್ದಾಗಿಗಿಂತ ನೆನೆದಾಗಲೇ ಗಟ್ಟಿ. ಸೈಕಲ್ ಶಾರ್ಟ್ಸಿನ ಕಥೆ ಬೇರೆ. ಅದರಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆ ಎಲಾಸ್ಟೇನ್ ನೂಲು ಬೆರೆತಿರುತ್ತದೆ, ನಾವೆಲ್ಲ ಲೈಕ್ರಾ ಅನ್ನುವುದು ಅದನ್ನೇ. 1958ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದ ಈ ನೂಲು ಪಾಲಿಯುರೆಥೇನ್‌ನದು. ಐದು ಪಟ್ಟು ಎಳೆದರೂ ಮೊದಲಿನ ಅಳತೆಗೆ ಮರಳುತ್ತದೆ. ಆದರೆ ಕ್ಲೋರಿನ್, ಬಿಸಿ, ಬಿಸಿಲು, ಮೈಯ ಎಣ್ಣೆ ಸೇರಿ ಅದರ ಬಿಗಿಯನ್ನು ಮುರಿಯುತ್ತ ಹೋಗುತ್ತವೆ. ಹೋದ ಬಿಗಿ ಯಾವ ರಿಪೇರಿಯಿಂದಲೂ ಬರುವುದಿಲ್ಲ.

ಬೆಳಿಗ್ಗೆ ಕಲಘಟಗಿ ರಸ್ತೆಗೋ ನವಲಗುಂದದ ಕಡೆಗೋ ಹೋಗಿ ಬಂದವರು ಲಗುಬಗೆಯಲ್ಲಿ ಜಳಕ ಮಾಡಿ ಆಫೀಸಿಗೆ ಓಡುತ್ತಾರೆ. ಬೆವರಿನ ಬಟ್ಟೆ ಮುದ್ದೆಯಾಗಿ ಬಕೆಟ್‌ನಲ್ಲಿ ಬಿದ್ದಿರುತ್ತದೆ, ಕೆಲವರ ಮನೆಯಲ್ಲಿ ಭಾನುವಾರದ ತನಕ. ಎಲ್ಲಕ್ಕಿಂತ ದೊಡ್ಡ ಹಾನಿ ಇದೇ ಎಂಬುದು ನನ್ನ ಅಭಿಪ್ರಾಯ. ಹತ್ತಿ ತನ್ನ ತೂಕದ ಶೇ. 8ರಷ್ಟು ತೇವವನ್ನು ಗಾಳಿಯಿಂದಲೇ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಶೇ. 0.4ರಷ್ಟು ಮಾತ್ರ. ನೀರನ್ನು ಒಲ್ಲದ ಈ ಎಳೆಗೆ ಎಣ್ಣೆ ಮಾತ್ರ ಬಲು ಪ್ರೀತಿ. ಮೈಯ ಜಿಡ್ಡು ಅಲ್ಲೇ ಅಂಟಿಕೊಂಡು, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆದು, ಎಷ್ಟು ಒಗೆದರೂ ಹೋಗದ ನಾತ ಶುರುವಾಗುತ್ತದೆ. ಆಮೇಲೆ ಆ ನಾತಕ್ಕೆಂದು ಬ್ಲೀಚು, ಕ್ರಿಮಿನಾಶಕ, ಬಿಸಿನೀರು. ನಿಮ್ಮ ಜಳಕದ ಹೊತ್ತಿಗೇ ಶಾರ್ಟ್ಸ್, ಜೆರ್ಸಿ ಎರಡನ್ನೂ ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಲ್ಲಿ ಎರಡು ಸಲ ಜಾಲಿಸಿ ತೂಗುಹಾಕಿ. ಸೋಪು ಸಂಜೆಗೆ ಹಾಕಿದರೂ ನಡೆದೀತು.

ಸೋಪು ಅಂದೆ, ಆದರೆ ಬಟ್ಟೆಯ ಬಾರ್ ಸೋಪು ಬೇಡ. ನಳಕ್ಕೆ ಮಲಪ್ರಭೆಯ ನೀರು ಬಾರದ ದಿನ ನಾವೆಲ್ಲ ಬೋರ್ ನೀರಿಗೆ ಇಳಿಯುತ್ತೇವೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೋಪು ಸೇರಿದರೆ ನೀರಲ್ಲಿ ಕರಗದ ಬಿಳಿ ಗಸಿ ಆಗುತ್ತದೆ. ನಲ್ಲಿಯ ಸುತ್ತ ಕಾಣುವ ಆ ಗಸಿಯೇ ಜೆರ್ಸಿಯ ಸಣ್ಣ ರಂಧ್ರಗಳಲ್ಲೂ, ಶಾರ್ಟ್ಸಿನೊಳಗೆ ಸೀಟು ತಾಗುವ ಕಡೆ ಹೊಲಿದಿರುವ ಪ್ಯಾಡಿನ ಸ್ಪಂಜಿನಲ್ಲೂ ಕೂರುತ್ತದೆ. ಲಿಕ್ವಿಡ್ ಡಿಟರ್ಜೆಂಟ್ ತಗೊಳ್ಳಿ, ಒಂದು ಜೊತೆ ಬಟ್ಟೆಗೆ ಒಂದು ಚಮಚ ಸಾಕು, 15–20 ನಿಮಿಷ ನೆನೆದರೆ ಸಾಕು. ನೊರೆ ಹೆಚ್ಚಿದಷ್ಟೂ ಸ್ವಚ್ಛ ಎಂದು ಅಳತೆ ಮೀರಿ ಸುರಿದರೆ ಜಾಲಿಸುವಾಗ ಅದು ಪೂರ್ತಿ ಹೋಗುವುದಿಲ್ಲ, ಮುಂದಿನ ಸವಾರಿಯ ಬೆವರಿಗೆ ತೊಡೆಯ ಸಂದಿಯಲ್ಲಿ ಉರಿಯುತ್ತದೆ. ಇನ್ನು ಸುವಾಸನೆಯ ಫ್ಯಾಬ್ರಿಕ್ ಕಂಡಿಷನರ್. ಮನೆಯವರು ಪ್ರೀತಿಯಿಂದ ಹಾಕುತ್ತಾರೆ, ಬೇಡವೆನ್ನುವುದು ಕಷ್ಟ. ಅದು ಎಳೆಯ ಮೇಲೆ ಜಿಡ್ಡಿನ ಪದರ ಬಳಿಯುವುದರಿಂದಲೇ ಬಟ್ಟೆ ಮೆತ್ತಗಾಗುವುದು. ಬೆವರನ್ನು ಹೊರಗೆ ಎಳೆಯಬೇಕಾದ ಜೆರ್ಸಿಗೆ ಆ ಪದರ ಅಡ್ಡಗಟ್ಟುತ್ತದೆ. ಮನೆಯ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ಲೈಕ್ರಾ ಒಗೆಯಲು ಹೋಗಬೇಡಿ, ಎಲಾಸ್ಟೇನ್‌ಗೆ ಕ್ಲೋರಿನ್ ಆಗಿಬರುವುದಿಲ್ಲ.

ಮಷಿನ್ ಇದ್ದರೆ ಹಾಕಿ, ನನ್ನ ಆಕ್ಷೇಪವಿಲ್ಲ. ಸಾಮಾನ್ಯವಾಗಿ ಕಲ್ಲಿಗಿಂತ ಮಷಿನ್ನೇ ಮೃದು. ನಾಜೂಕು ಬಟ್ಟೆಯ ಸೆಟ್ಟಿಂಗ್, ತಣ್ಣೀರು ಅಥವಾ 30 ಡಿಗ್ರಿ, ಜಿಪ್ ಮುಚ್ಚಿ, ಜಾಳಿಗೆ ಚೀಲದಲ್ಲಿ ಹಾಕಿ. ಜೀನ್ಸು, ಟವೆಲ್ಲು ಜೊತೆಗಿರಬಾರದು. ಗ್ಲೌಸಿನ ವೆಲ್ಕ್ರೋ ಅಂಟಿಸಿ ಬೇರೆ ಚೀಲಕ್ಕೆ.

ಮಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಕಡೆ ಎರಡು ನಮೂನೆ ಮಣ್ಣು, ಎರಡಕ್ಕೂ ಉಪಾಯ ಬೇರೆ. ಅಣ್ಣಿಗೇರಿ, ನವಲಗುಂದ, ಗದಗದ ದಾರಿಯ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಬಹಳ ನುಣುಪಾದ ಜೇಡಿ; ನೆಂದರೆ ಉಬ್ಬುತ್ತದೆ, ಹಸಿ ಇದ್ದಾಗ ಉಜ್ಜಿದರೆ ಎಳೆಗಳ ನಡುವೆ ನುಗ್ಗಿ ಕೂರುತ್ತದೆ. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನಿಂದ ಬೆನ್ನ ಮೇಲೆ ಬರೆದ ಆ ಕರಿ ಗೆರೆಯನ್ನು ಮುಟ್ಟಬೇಡಿ. ನೆರಳಲ್ಲಿ ಒಣಗಲಿ, ಬಿರುಕುಬಿಟ್ಟ ಮೇಲೆ ಝಾಡಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉದುರಿಸಿ, ಅವತ್ತೇ ಒಗೆಯಿರಿ. ಅಲ್ಲಿಯ ತನಕ ಶಾರ್ಟ್ಸಿನ ಪ್ಯಾಡನ್ನಷ್ಟೇ ನಲ್ಲಿಯ ಕೆಳಗೆ ಹಿಡಿದು ಬೆವರು ಇಳಿಸಿದರಾಯಿತು. ಧಾರವಾಡದ ಪಡುವಣ ಮಗ್ಗುಲು, ಕಲಘಟಗಿಯ ಕಡೆಯ ಮಸಾರಿ ಮಣ್ಣಿನ ಕೆಂಪಿಗೆ ಕಬ್ಬಿಣದ ಆಕ್ಸೈಡ್ ಕಾರಣ. ಇದಕ್ಕೆ ಬಟ್ಟೆಯ ಹಿಂಬದಿಯಿಂದ ಜೋರಾಗಿ ನೀರು ಬಿಟ್ಟು ಬಂದ ದಾರಿಯಲ್ಲೇ ಮಣ್ಣನ್ನು ಹೊರಗೆ ತಳ್ಳಬೇಕು. ಬ್ಲೀಚು ಹಾಕಿದರೆ ಕಬ್ಬಿಣದ ಕಲೆ ಬಿಡುವುದಿಲ್ಲ, ಇನ್ನಷ್ಟು ಕೂರುತ್ತದೆ. ಬಿಳಿ ಜೆರ್ಸಿ ತಂದು "ಮೊದಲಿನಂಗ ಮಾಡಿ ಕೊಡ್ರಿ" ಅನ್ನುವವರಿಗೆ ನಾನು ಮಾತು ಕೊಡುವುದಿಲ್ಲ. ಮಳೆಗಾಲದಲ್ಲಿ ಬಿಳಿ ಹಾಕಬೇಡಿ ಎಂಬ ಪುಕ್ಕಟೆ ಸಲಹೆ ಮಾತ್ರ ಕೊಡುತ್ತೇನೆ.

ಚೈನಿನ ಗ್ರೀಸಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡೇ ಮದ್ದು. ನೀರು ತಾಗಿಸುವ ಮೊದಲೇ ಒಣ ಬಟ್ಟೆಯ ಮೇಲೆ ಹಚ್ಚಿ ಬೆರಳಿಂದ ತಿಕ್ಕಿ, ಕಾಲು ಗಂಟೆ ಬಿಟ್ಟು ತೊಳೆಯಿರಿ. ಚೈನು ತೊಳೆದ ಸೀಮೆಎಣ್ಣೆಯನ್ನೇ ಬಟ್ಟೆಗೂ ಹಚ್ಚುವವರಿದ್ದಾರೆ. ತೊಡೆಯ ಬಳಿ ಶಾರ್ಟ್ಸ್ ಮೇಲೇರದಂತೆ ಹಿಡಿಯುವ ಪಟ್ಟಿ ಸಿಲಿಕೋನಿನದು, ಸೀಮೆಎಣ್ಣೆ ಕುಡಿದರೆ ಅದು ಊದಿಕೊಂಡು ಎದ್ದುಬರುತ್ತದೆ.

ಒಣಗಿಸುವುದಕ್ಕೆ ನೆರಳು, ಗಾಳಿ ಇವೆರಡೇ ಬೇಕು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಗೆ ಒಂದು ಜೆರ್ಸಿ ಒಣಗಿಸುವುದು ದೊಡ್ಡದೇ? ಏಪ್ರಿಲ್ ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ ನಿಜ, ಬಣ್ಣವೂ ಬಿಗಿಯೂ ಜೊತೆಗೇ ಹೋಗುತ್ತವೆ. ಹೆಗಲಪಟ್ಟಿಯ ಬಿಬ್ ಶಾರ್ಟ್ಸನ್ನು ಪಟ್ಟಿಯಿಂದ ತೂಗುಹಾಕಬೇಡಿ, ನೆಂದ ಪ್ಯಾಡಿನ ಭಾರಕ್ಕೆ ಪಟ್ಟಿ ಜೋಲುತ್ತದೆ. ನಡುವಿಗೆ ಮಡಿಸಿ ಹಗ್ಗದ ಮೇಲೆ ಹಾಕಿ, ಪ್ಯಾಡ್ ಹೊರಮುಖವಾಗಿರಲಿ. ಜೆರ್ಸಿಯನ್ನು ಹ್ಯಾಂಗರಿಗೆ ಹಾಕಿದರೆ ಬೆನ್ನ ಜೇಬು ಇಳಿಬೀಳುವುದೂ ಹೀಗೆಯೇ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎರಡು ದಿನವಾದರೂ ಪ್ಯಾಡ್ ಒಣಗದು ಎಂಬ ದೂರು ನ್ಯಾಯವಾದದ್ದೇ. ತಿರುಚಿ ಹಿಂಡದೆ, ಒಣ ಟವೆಲ್ಲಿನಲ್ಲಿ ಚಾಪೆಯಂತೆ ಸುತ್ತಿ ಅದರ ಮೇಲೆ ಕಾಲಿಟ್ಟು ಒತ್ತಿ. ಅರ್ಧ ನೀರು ಟವೆಲ್ಲಿಗೆ ಹೋಗುತ್ತದೆ, ಮಿಕ್ಕದ್ದು ಫ್ಯಾನಿನ ಕೆಳಗೆ. ಒಲೆಯ ಹತ್ತಿರ ಒಣಹಾಕುವುದು, ಇಸ್ತ್ರಿ ಎಳೆದು ಒಣಗಿಸುವುದು ಬೇಡ. ತಂಡದ ಹೆಸರು, ಚಿತ್ತಾರ ಇರುವ ಜೆರ್ಸಿಗಳ ಬಣ್ಣ ಸುಮಾರು 200 ಡಿಗ್ರಿ ಬಿಸಿಯಲ್ಲಿ ಆವಿಯಾಗಿ ಎಳೆಯೊಳಗೆ ಹೊಕ್ಕಿರುತ್ತದೆ. ಹತ್ತಿಗೆ ಇಡುವ ಇಸ್ತ್ರಿಯ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ, ಮತ್ತೆ ಬಣ್ಣ ಎದ್ದು ಮೇಜಿನ ಬಟ್ಟೆಗೆ ಇಳಿಯಬಹುದು.

ರಿಪೇರಿಯ ಬಗ್ಗೆ ಒಂದು ಮಾತು. ಹೊಲಿಗೆ ಬಿಟ್ಟಿದ್ದರೆ ಅದು ಸಣ್ಣ ಕೆಲಸ, ಆದರೆ ಓಣಿಯ ಟೇಲರ್ ಹತ್ತಿರ ನೇರ ಹೊಲಿಗೆ ಹಾಕಿಸಬೇಡಿ. ಬಟ್ಟೆ ಹಿಗ್ಗುತ್ತದೆ, ನೇರ ಹೊಲಿಗೆಯ ದಾರ ಹಿಗ್ಗುವುದಿಲ್ಲ, ಮೊದಲ ಸವಾರಿಗೇ ಪಟ್ಟನೆ ಹರಿಯುತ್ತದೆ. ಅಂಕುಡೊಂಕು ಹೊಲಿಗೆ, ತುದಿ ದುಂಡಗಿರುವ ಸೂಜಿ, ಪಾಲಿಯೆಸ್ಟರ್ ದಾರ ಇರಬೇಕು. ಪ್ಯಾಡ್ ಬದಲಿಸಿಕೊಡಿ ಎಂದು ಕೇಳುವವರೂ ಬರುತ್ತಾರೆ. ಒತ್ತಿದ ಬೆರಳಿನ ಗುರುತು ಪ್ಯಾಡಿನಲ್ಲಿ ಹಾಗೇ ಉಳಿಯುತ್ತಿದ್ದರೆ ಸ್ಪಂಜು ಸತ್ತಿದೆ, ಬದಲಿಸುವುದು ಸರಿ. ಆದರೆ ಆ ಹೊತ್ತಿಗೆ ಸಾಮಾನ್ಯವಾಗಿ ಸುತ್ತಲಿನ ಲೈಕ್ರಾ ಕೂಡ ಸೋತಿರುತ್ತದೆ. ಸಡಿಲ ಬಟ್ಟೆಯಲ್ಲಿ ಹೊಸ ಪ್ಯಾಡ್ ಅತ್ತಿತ್ತ ಸರಿದು ತೊಡೆಯ ಚರ್ಮವನ್ನೇ ಉಜ್ಜುತ್ತದೆ. ಎಳೆದು ನೋಡಿ ಬಿಗಿ ಇದ್ದರೆ ಮಾತ್ರ ನಾನು ಆ ಕೆಲಸ ಹಿಡಿಯುತ್ತೇನೆ, ಇಲ್ಲದಿದ್ದರೆ ಹೊಸದನ್ನೇ ಕೊಳ್ಳಿರೆಂದು ವಾಪಸು ಕಳಿಸುತ್ತೇನೆ.