ಕೂಲಿಂಗ್ ವ್ಯವಸ್ಥೆಯ ಪ್ಲಾಸ್ಟಿಕ್ ಭಾಗ ಮುರಿದಾಗ: ಮೋಟಾರ್ ಮೆಕ್ಯಾನಿಕ್ ಕಲಿಯುವವರಿಗೆ ಟಿಪ್ಪಣಿ

ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್‌ಗಳ ಪಾಠ ನಮಗೆ ವಿವರವಾಗಿಯೇ ಸಿಗುತ್ತದೆ. ಆದರೆ ಹುಬ್ಬಳ್ಳಿಯ ಯಾವುದೇ ಗ್ಯಾರೇಜಿಗೆ ಹೋಗಿ ನಿಂತರೂ ಕೈಯಲ್ಲಿ ಮುರಿದು ಬರುವುದು ಅವುಗಳನ್ನು ಜೋಡಿಸುವ ಪ್ಲಾಸ್ಟಿಕ್ ಭಾಗಗಳು: ಥರ್ಮೋಸ್ಟಾಟ್ ಕವಚದ ಮೂತಿ (ಹೋಸ್ ಕೂರುವ ಕೊಳವೆ), ಹೀಟರ್ ಹೋಸಿನ ಟೀ (ಮೂರು ಬಾಯಿಯ ಜೋಡಣೆ), ರೇಡಿಯೇಟರಿನ ಮೇಲಿನ ಟ್ಯಾಂಕ್. ಹಳೆಯದನ್ನು ಕಿತ್ತು ಹೊಸದನ್ನು ಹಾಕಿದರೆ ಅರ್ಧ ಕೆಲಸ ಮಾತ್ರ ಆಯಿತು. ಅದು ಏಕೆ ಮುರಿಯಿತು ಎಂಬುದನ್ನು ಮುರಿದ ತುಂಡೇ ಹೇಳುತ್ತದೆ. ಆದ್ದರಿಂದ ಅದನ್ನು ಕಸದ ಡಬ್ಬಿಗೆ ಎಸೆಯುವ ಮುನ್ನ ಬೆಳಕಿಗೆ ಹಿಡಿದು ನೋಡಬೇಕು.

ತುಂಡಿನ ಒಳಮೈಯಲ್ಲಿ ಅನೇಕ ಬಾರಿ ಪಿಎ66-ಜಿಎಫ್30 ಎಂಬ ಅಚ್ಚು ಕಾಣುತ್ತದೆ. ನೈಲಾನ್ 66, ಅದರಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 30ರಷ್ಟು ಗಾಜಿನ ನಾರು ಎಂದರ್ಥ. ಈ ನೈಲಾನ್ ಕರಗುವುದು ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎಂಜಿನ್ನಿನ ನೀರು ಅಷ್ಟು ಬಿಸಿಯಾಗುವುದೇ ಇಲ್ಲ. ಹಾಗಿದ್ದರೂ ಮುರಿಯುವುದೇಕೆ? ಕೂಲೆಂಟಿನಲ್ಲಿ, ಅಂದರೆ ಎಂಜಿನ್ನನ್ನು ತಂಪಾಗಿಸುವ ದ್ರವದಲ್ಲಿ, ಇರುವ ಬಿಸಿ ನೀರು ಮತ್ತು ಗ್ಲೈಕಾಲ್ ಎರಡೂ ವರ್ಷಗಟ್ಟಲೆ ನೈಲಾನಿನ ಉದ್ದನೆಯ ಅಣುಸರಪಳಿಗಳನ್ನು ಕತ್ತರಿಸುತ್ತಾ ಹೋಗುತ್ತವೆ. ಹೊಸದಿದ್ದಾಗ ಸ್ವಲ್ಪ ಬಾಗಿ ತಡೆದುಕೊಳ್ಳುತ್ತಿದ್ದ ಮೂತಿ, ಹಳತಾದ ಮೇಲೆ ಖಡಕ್ ರೊಟ್ಟಿಯಂತೆ ಬಾಗದೆ ಮುರಿಯುತ್ತದೆ. ಹೋಸ್ ಕೀಳುವಾಗ ‘ಕೈ ತಾಗಿ ಮುರಿಯಿತು’ ಎನ್ನುವ ಮೂತಿ ಹೆಚ್ಚಾಗಿ ಮೊದಲೇ ಸತ್ವ ಕಳೆದುಕೊಂಡಿರುತ್ತದೆ.

ಈಗ ಮುರಿದ ಮುಖ ನೋಡಿ. ಇಡೀ ಮುಖ ಒಂದೇ ಬಣ್ಣದಲ್ಲಿ ಹೊಸದಾಗಿ ಕಂಡರೆ ಅದು ಆಗಷ್ಟೇ ಮುರಿದದ್ದು. ಒಂದು ಮೂಲೆಯಲ್ಲಿ ಕಂದು ಕಲೆಯೋ ಕೂಲೆಂಟ್ ಒಣಗಿದ ಬಿಳಿ ಪುಡಿಯೋ ಇದ್ದರೆ ಬಿರುಕು ಹಳೆಯದು; ಗಾಡಿ ಬಹಳ ದಿನಗಳಿಂದ ಹನಿ ಹನಿಯಾಗಿ ಸೋರುತ್ತಿತ್ತು. ಬಿರುಕು ಹೋಸ್ ಬಿಗಿಯುವ ಕ್ಲಿಪ್ ಕೂರುವ ಗೆರೆಯಲ್ಲೇ ಸುತ್ತಿಕೊಂಡಿದ್ದರೆ ಸ್ಕ್ರೂ ಕ್ಲಿಪ್ಪನ್ನು ಅತಿಯಾಗಿ ಬಿಗಿದಿದ್ದರೇ ಎಂದು ಅನುಮಾನಿಸಿ. ಕಂಪನಿಯ ಸ್ಪ್ರಿಂಗ್ ಕ್ಲಿಪ್ ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗಿ ಒಂದೇ ಹಿಡಿತ ಉಳಿಸಿಕೊಳ್ಳುತ್ತದೆ. ಹಾಕಲು ತೊಡಕೆಂದು ಅದನ್ನು ಬಿಸಾಡುವುದು ನನಗೆ ಒಪ್ಪಿಗೆಯಿಲ್ಲ.

ಒತ್ತಡದ ಲೆಕ್ಕವನ್ನೂ ನಮ್ಮ ಊರಿಗೆ ಹೊಂದಿಸಿ ತಿಳಿದುಕೊಳ್ಳೋಣ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗಿಂತ ಎತ್ತರದಲ್ಲಿದೆ; ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಅರ್ಧ ನೀರು, ಅರ್ಧ ಎಥಿಲಿನ್ ಗ್ಲೈಕಾಲ್ ಇರುವ ಕೂಲೆಂಟನ್ನು 1.1 ಬಾರ್ ಒತ್ತಡ ಹಿಡಿದಿಡುವ ರೇಡಿಯೇಟರ್ ಮುಚ್ಚಳದ ಕೆಳಗೆ ಇಟ್ಟರೆ ಕುದಿಯುವ ಮಟ್ಟ 130ರ ಹತ್ತಿರಕ್ಕೆ ಏರುತ್ತದೆ. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಬರುವ ಗಾಡಿಯನ್ನು ಕಾಯುವುದು ಈ ಅಂತರವೇ. ಸಣ್ಣ ಬಿರುಕಿನಿಂದ ಒತ್ತಡ ಸೋರಿದರೂ ಅಂತರ ಕಡಿಮೆಯಾಗುತ್ತದೆ. ಮುಚ್ಚಳದ ವಾಲ್ವ್ ಅಂಟಿಕೊಂಡು ಒತ್ತಡವನ್ನು ಬಿಡದಿದ್ದರೆ ಹಳೆಯ ಪ್ಲಾಸ್ಟಿಕ್ ಒಡೆಯುತ್ತದೆ. ಹಾಗಾಗಿ ಮೂತಿ ಮುರಿದ ಗಾಡಿಯ ಮುಚ್ಚಳವನ್ನು ಪರೀಕ್ಷಿಸದೆ ಬಿಡಬೇಡಿ.

‘ಅಣ್ಣಾ, ಸದ್ಯಕ್ಕೆ ಏನಾದರೂ ಹಚ್ಚಿ ಕೊಡಿ, ಊರು ಮುಟ್ಟಿದರೆ ಸಾಕು’ ಎಂದು ಕೇಳುವವರಿದ್ದಾರೆ. ಎಪಾಕ್ಸಿ ಅಂಟು ಹಚ್ಚಿದರೆ ತಣ್ಣಗಿದ್ದಾಗ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಕೂಲೆಂಟ್ ಹೀರಿದ ನೈಲಾನಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಬಿಸಿಗೆ ಅಂಟು ಮೆದುವಾಗುತ್ತದೆ, ಒಳಗಿನಿಂದ ಒತ್ತಡ ತಳ್ಳುತ್ತದೆ. ಅದು ಬಿಡುವುದು ತಾರಿಹಾಳದ ಬೈಪಾಸಿನಲ್ಲೋ ಘಟ್ಟದ ನಡುವೆಯೋ. ನೀರು ಖಾಲಿಯಾದಾಗ ತಾಪಮಾನದ ಸೆನ್ಸರ್ ಆವಿಯಲ್ಲಿ ನೇತಾಡುವುದರಿಂದ ಮುಳ್ಳು ಏರುವ ಬದಲು ಇಳಿದೂ ತೋರಿಸಬಹುದು. ಚಾಲಕ ನೆಮ್ಮದಿಯಿಂದ ಓಡಿಸುತ್ತಾನೆ, ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಆ ಖರ್ಚನ್ನು ಗಿರಾಕಿಗೆ ಮೊದಲೇ ತಿಳಿಸಿ ಹೇಳುವುದು ನಮ್ಮ ಕೆಲಸದ ಭಾಗ. ನಿರ್ವಾಹವಿಲ್ಲದಿದ್ದರೆ ಗಾಡಿಯನ್ನು ಎಳೆಸಿಕೊಂಡು ಬರಲಿ.

ಬಿಚ್ಚುವ ಕೆಲಸ ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ. ಬಿಸಿಯಿದ್ದಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಇಳಿಸಿದ ಕೂಲೆಂಟನ್ನು ಮುಚ್ಚಿದ ಡಬ್ಬಿಯಲ್ಲಿಡಿ; ಗ್ಲೈಕಾಲ್ ಸಿಹಿ, ನಾಯಿ ನೆಕ್ಕಿದರೆ ಸಾಯುತ್ತದೆ. ಅಂಟಿದ ಹೋಸನ್ನು ತಿರುಚಿ ಎಳೆಯುವ ಬದಲು, ಬದಲಿಸುವುದೇ ಆಗಿದ್ದರೆ, ಉದ್ದಕ್ಕೆ ಸೀಳಿ ಬಿಡಿಸಿ.

ಎಂಜಿನ್ ಕಡೆಯ ರಂಧ್ರದಲ್ಲಿ ಮುರಿದ ಉಂಗುರ ಉಳಿದುಕೊಂಡಿದ್ದರೆ ಅಲ್ಲಿಯೇ ತಾಳ್ಮೆ ಬೇಕು. ಒಳಗಡೆ ದಾರ ಕಟ್ಟಿದ ಸ್ವಚ್ಛ ಬಟ್ಟೆಯ ತುಂಡು ತುರುಕಿ, ಚೂರುಗಳು ಆಚೆ ಜಾರದಂತೆ ಮಾಡಿ. ಮೊಂಡ ಸ್ಕ್ರೂಡ್ರೈವರಿನಿಂದ ಉಂಗುರದ ಅಂಚನ್ನು ಒಳಮುಖವಾಗಿ ಒತ್ತಿ ಬಿಡಿಸಿ, ಸಣ್ಣ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಚೂಪಾದ ಉಳಿಯಿಂದ ಕೆರೆದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು, ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಕೂಡ ಅಲ್ಲಿ ಸೋರುತ್ತದೆ. ಸಿಕ್ಕ ಚೂರುಗಳನ್ನೆಲ್ಲ ಹಳೆಯ ಪತ್ರಿಕೆಯ ಮೇಲೆ ಜೋಡಿಸಿ ಮೂತಿಯ ಆಕಾರ ಪೂರ್ತಿಯಾಯಿತೇ ನೋಡಿ. ಒಂದು ಚೂರು ಕಾಣೆಯಾದರೂ ಹುಡುಕಲೇಬೇಕು. ಅದು ಥರ್ಮೋಸ್ಟಾಟಿನ ಬಾಯಲ್ಲಿ ಸಿಕ್ಕಿಕೊಂಡರೆ ವಾಲ್ವ್ ಮುಚ್ಚುವುದಿಲ್ಲ, ರೇಡಿಯೇಟರಿನ ಕೊಳವೆಯ ಬಾಯಿಗೆ ಕೂತರೆ ನೀರಿನ ಹರಿವಿಗೆ ಅಡ್ಡ.

ಹೊಸ ಭಾಗ ಕೊಳ್ಳುವಾಗ ಬೋಲ್ಟ್ ರಂಧ್ರಗಳಲ್ಲಿ ಲೋಹದ ಬುಷ್ (ಸಣ್ಣ ತೋಳು) ಇದೆಯೇ ನೋಡಿ. ಬಿಗಿಯುವ ಬಲವನ್ನು ಹೊರುವುದು ಆ ಬುಷ್. ಅದಿಲ್ಲದ ಅಗ್ಗದ ಮಾಲಿನಲ್ಲಿ ಬೋಲ್ಟಿನ ತಲೆ ಪ್ಲಾಸ್ಟಿಕ್ಕನ್ನೇ ಜಜ್ಜುತ್ತದೆ. ಓ-ರಿಂಗಿಗೆ ಗ್ರೀಸ್ ಸವರಬೇಡಿ. ಕೂಲೆಂಟಿನ ಜೊತೆ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆಗೆ ಊದಿಕೊಳ್ಳುತ್ತದೆ. ಎರಡು ಹನಿ ಕೂಲೆಂಟ್ ಸವರಿದರೆ ಸಾಕು. ಬೋಲ್ಟುಗಳನ್ನು ಕೈಯಿಂದ ಕೂರಿಸಿ, ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಷ್ಟು ಎಂಬುದಕ್ಕೆ ಗಾಡಿಯ ಸರ್ವಿಸ್ ಪುಸ್ತಕವೇ ಪ್ರಮಾಣ.

ತುಂಬುವ ನೀರಿನ ವಿಷಯದಲ್ಲಿ ನಮ್ಮ ಸೀಮೆಯವರು ಹೆಚ್ಚು ಎಚ್ಚರವಿರಬೇಕು. ಗದಗ, ನವಲಗುಂದ ಕಡೆಯ ಕೊಳವೆಬಾವಿಯ ಸವಳು ನೀರು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಶಾಖ ಹೊರಹೋಗದೆ ವ್ಯವಸ್ಥೆಯೇ ಬಿಸಿಯಾಗಿ, ಪ್ಲಾಸ್ಟಿಕ್ಕಿನ ಆಯಸ್ಸು ಮತ್ತೆ ಕುಗ್ಗುತ್ತದೆ. ಬಟ್ಟಿ ಇಳಿಸಿದ ನೀರು ಬೆರೆಸಿ, ಇಲ್ಲವೇ ಬೆರೆಸಿಯೇ ಬರುವ ಕೂಲೆಂಟ್ ಹಾಕಿ.

ಕೂಲೆಂಟ್ ತುಂಬಿದ ಮೇಲೆ ಒಳಗೆ ಸಿಕ್ಕ ಗಾಳಿ ತೆಗೆಯಬೇಕು. ಗಾಳಿ ತೆಗೆಯುವ ಸ್ಕ್ರೂ ಕೂಡ ಎಷ್ಟೋ ಗಾಡಿಗಳಲ್ಲಿ ಪ್ಲಾಸ್ಟಿಕ್ಕಿನದೇ. ಅಳತೆಗೆ ಕೂರುವ ಸ್ಕ್ರೂಡ್ರೈವರ್ ಹಿಡಿಯಿರಿ. ಗುಳ್ಳೆ ನಿಂತು ಒಂದೇ ಧಾರೆ ಬರುವವರೆಗೆ ಬಿಟ್ಟು ಮುಚ್ಚಿ. ಪ್ರೆಶರ್ ಟೆಸ್ಟರ್ ಇದ್ದರೆ ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಹತ್ತು ನಿಮಿಷ ಮುಳ್ಳನ್ನು ಗಮನಿಸಿ. ನಂತರ ಎಂಜಿನ್ ಚಾಲೂ ಮಾಡಿ, ಹೀಟರ್ ಪೂರ್ತಿ ತೆರೆದು, ಫ್ಯಾನ್ ಎರಡು ಬಾರಿ ತಾನಾಗಿ ತಿರುಗಿ ನಿಲ್ಲುವವರೆಗೆ ಕಾಯಿರಿ. ಹೀಟರಿನಿಂದ ತಣ್ಣನೆಯ ಗಾಳಿ ಬರುತ್ತಿದ್ದರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಗಿರಾಕಿಗೆ ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಒಮ್ಮೆ ಬರಲು ಹೇಳಿ. ಆಗ ಮಟ್ಟ ಇಳಿದಿದ್ದರೆ ತುಂಬಿಸಿ, ಹೊಸ ಮೂತಿಯ ಕೆಳಗೆ ಬೆರಳಾಡಿಸಿ ತೇವವಿದೆಯೇ ನೋಡಿ ಕಳುಹಿಸಿ.