ನ್ಯುಮೋನಿಯಾ ಪತ್ತೆಗೆ ಸಿ.ಟಿ. ಸ್ಕ್ಯಾನ್ ಮಾಡಿಸಲೇಬೇಕೆ?

ಮಳೆಗಾಲ ಹಿಡಿಯಿತೆಂದರೆ ಮುಂಬಯಿ ಕಡೆಯ ಡೊಂಬಿವಲಿಯಿಂದಲೂ ಮಾಟುಂಗಾದಿಂದಲೂ ಇದೇ ಪ್ರಶ್ನೆ ಬರುತ್ತದೆ: “ಡಾಕ್ಟರು ಬರೀ ಎಕ್ಸ್-ರೇ ಬರೆದುಕೊಟ್ಟಿದ್ದಾರೆ, ನಾವೇ ಒಂದು ಸಿ.ಟಿ. ಮಾಡಿಸಿಬಿಡೋಣವೇ?” ಬೇಡ. ಎಷ್ಟೋ ಸಲ ಹೇಳಿದ ಮಾತನ್ನು ಈ ಸಲ ಬಿಡಿಸಿಯೇ ಹೇಳುತ್ತೇನೆ.

ಸಿ.ಟಿ. ಇಲ್ಲದೆ ನ್ಯುಮೋನಿಯಾ ಪತ್ತೆಯಾಗದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು 2021ರ ಕೋವಿಡ್ ಅಲೆಯಲ್ಲಿ. ಆಗ ಲಿಫ್ಟಿನಲ್ಲಿ ಸಿಕ್ಕವರೂ “25ಕ್ಕೆ ಸ್ಕೋರ್ ಎಷ್ಟು ಬಂತು?” ಎಂದೇ ವಿಚಾರಿಸುತ್ತಿದ್ದರು. ಸಿ.ಟಿ. ಚಿತ್ರ ನೋಡಿ ಕೊಡುತ್ತಿದ್ದ ಆ ಅಂಕವು ಕೋವಿಡ್ ಶ್ವಾಸಕೋಶವನ್ನು ಎಷ್ಟು ಆವರಿಸಿದೆಯೆಂಬ ಅಂದಾಜೇ ಹೊರತು ಎಲ್ಲ ನ್ಯುಮೋನಿಯಾಗಳಿಗೂ ಹಿಡಿಯುವ ಅಳತೆಗೋಲಲ್ಲ. ಸಿ.ಟಿ. ಚಿತ್ರ ಎಕ್ಸ್-ರೇಗಿಂತ ಸ್ಪಷ್ಟ, ಒಪ್ಪುತ್ತೇನೆ. ಆದರೆ ಕಾಯಿಲೆ ತಂದದ್ದು ಬ್ಯಾಕ್ಟೀರಿಯಾವೋ ವೈರಸ್ಸೋ ಎಂಬುದನ್ನು ಅದೂ ಖಚಿತವಾಗಿ ಹೇಳಲಾರದು, ಮತ್ತು ಎದೆಯ ಎಕ್ಸ್-ರೇಯಿಂದ ಸುಮಾರು 0.1 ಮಿಲಿಸೀವರ್ಟ್ ವಿಕಿರಣ ಮೈಗೆ ತಗುಲಿದರೆ ಸಾಮಾನ್ಯ ಸಿ.ಟಿ.ಯಿಂದ ಅದರ ಹತ್ತಾರು ಪಟ್ಟು ತಗುಲುತ್ತದೆ. ಎಕ್ಸ್-ರೇಯಲ್ಲಿ ಸಂಶಯ ಉಳಿದಾಗ, ಔಷಧಕ್ಕೆ ಜ್ವರ ಬಗ್ಗದಿದ್ದಾಗ, ಒಳಗೆ ಕೀವು ಕಟ್ಟಿರುವ ಶಂಕೆಯಿದ್ದಾಗ ವೈದ್ಯರೇ ಸಿ.ಟಿ. ಬರೆದುಕೊಡುತ್ತಾರೆ.

ಪತ್ತೆಯ ಕೆಲಸ ಯಂತ್ರಕ್ಕಿಂತ ಮೊದಲೇ ಶುರುವಾಗಿರುತ್ತದೆ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು “ಉಸಿರು ಎಳೆದುಕೊಳ್ಳಿ” ಎಂದಾಗ ವೈದ್ಯರು ಹುಡುಕುತ್ತಿರುವುದು, ಕಿವಿಯ ಪಕ್ಕ ಕೂದಲೆಳೆಗಳನ್ನು ಬೆರಳಲ್ಲಿ ಹೊಸೆದರೆ ಕೇಳುವಂಥ ಸಣ್ಣ ಚರಚರ ಸದ್ದನ್ನು. ಮಗು ಅಳದೆ ಮಲಗಿರುವಾಗ ಅಂಗಿ ಮೇಲೆತ್ತಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ: 2ರಿಂದ 11 ತಿಂಗಳಿನ ಕೂಸಿಗೆ 50, 1ರಿಂದ 5 ವರ್ಷದವರೆಗಿನ ಮಗುವಿಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ನ್ಯುಮೋನಿಯಾದ ಶಂಕೆ; ಬೆಳಗಾಗುವವರೆಗೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಆಕ್ಸಿಮೀಟರ್, ರಕ್ತಪರೀಕ್ಷೆ, ಎಕ್ಸ್-ರೇ ಇವೆಲ್ಲ ಆ ಶಂಕೆಯನ್ನು ಗಟ್ಟಿಮಾಡಲು ಅಥವಾ ತಳ್ಳಿಹಾಕಲು ನೆರವಾಗುತ್ತವೆ. ಜ್ವರ ಬಂದ ಮೊದಲ ದಿನವೇ ತೆಗೆದ ಎಕ್ಸ್-ರೇ ಶುಭ್ರವಾಗಿ ಕಾಣಬಹುದು. ಗುಣವಾದ ಮೇಲೂ ಬಿಳಿಯ ನೆರಳು ಕೆಲವು ವಾರ ಉಳಿಯಬಹುದು.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ವಿಷಯ ಕಫದ ಪರೀಕ್ಷೆ. ರೋಗಾಣು ಯಾವುದೆಂದು ತಿಳಿಯಬೇಕಾದಾಗ, ಕ್ಷಯದ ಶಂಕೆಯಿದ್ದಾಗ ಇದು ಬೇಕಾಗುತ್ತದೆ. ಆದರೂ ಪ್ರಯೋಗಾಲಯಕ್ಕೆ ಬರುವ ಎಷ್ಟೋ ಡಬ್ಬಿಗಳಲ್ಲಿ ಇರುವುದು ಬರೀ ಎಂಜಲು. ಬೆಳಗ್ಗೆ ಎದ್ದು ಬರೀ ನೀರಿನಿಂದ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಉಸಿರು ತುಂಬಿಕೊಂಡು, ಎದೆಯಾಳದಿಂದ ಕೆಮ್ಮಿದಾಗ ಬರುವ ಗಟ್ಟಿ ಕಫವನ್ನು ಮಾತ್ರ ಡಬ್ಬಿಗೆ ಹಾಕಿ, ಸಾಧ್ಯವಾದರೆ ಆಂಟಿಬಯಾಟಿಕ್ಕಿನ ಮೊದಲ ಗುಳಿಗೆಗೂ ಮುಂಚೆ.